ತಾನಽ ತುಂಬಿಕೊಳ್ಳೂ ಬಂದೂಕು

ಮನುಷ್ಯ ಕಂಡುಹಿಡಿದ ಸಮಸ್ತ ಯಂತ್ರಗಳ ಮೂಲದಲ್ಲಿರುವುದು ಬುದ್ಧಿಯಲ್ಲ, ಭಯ. ಮಳೆಗೆ ಹೆದರಿ ಮನೆ ಕಟ್ಟಿದ, ಕತ್ತಲೆಗೆ ಹೆದರಿ ದೀಪ ಹಚ್ಚಿದ, ನೆರೆಯವನಿಗೆ ಹೆದರಿ ಬೇಲಿ ಹಾಕಿದ. ಇಷ್ಟು ಬರೆದು, ಸಾಕಷ್ಟು ಗಂಭೀರವಾಗಿದೆ ಎಂದು ನನಗೆ ನಾನೇ ತಲೆದೂಗುವಷ್ಟರಲ್ಲಿ ಹಿತ್ತಿಲಲ್ಲಿ ಏನೋ ಸರಕ್ಕೆಂದಿತು. ಪೆನ್ನು ಬಿಟ್ಟು ಎದ್ದು, ಹಿಂಬಾಗಿಲಿನ ಚಿಲಕ ಹಾಕಿ, ಅದಕ್ಕೊಂದು ಕುರ್ಚಿಯನ್ನೂ ಒರಗಿಸಿ, ಆಮೇಲೆ ಕಿಟಕಿಯಿಂದ ನೋಡಿದೆ. ಬೆಕ್ಕು. ಬಂದು ಮತ್ತೆ ಕುಳಿತೆ. ಕುರ್ಚಿಯನ್ನು ಮಾತ್ರ ತೆಗೆಯಲಿಲ್ಲ.

ಆ ಚಿಲಕ ಮಾಡಿಕೊಟ್ಟವರ ಬಗ್ಗೆಯೇ ಬರೆಯಬೇಕೆಂದು ಕುಳಿತವನು ನಾನು. ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಹೆಸರು ಹೇಳುವುದಿಲ್ಲ. ಅವರ ಹೆಂಡತಿ ಇದ್ದಾರೆ, ಊರಿನ ಪೊಲೀಸ ಪಾಟೀಲರಿದ್ದಾರೆ, ನಾನೂ ಸದ್ಯಕ್ಕೆ ಇದ್ದೇನೆ. ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮಿಸ್ತ್ರಿಯ ಪ್ರಾಯವೆಲ್ಲ ಇಚಲಕರಂಜಿಯ ಮಗ್ಗಗಳ ಗದ್ದಲದಲ್ಲಿ ಕಳೆಯಿತು. ಪವರ್‌ಲೂಮು ಕೆಟ್ಟರೆ ರಿಪೇರಿ ಮಾಡುವುದು, ಸವೆದ ಭಾಗವನ್ನು ತಮ್ಮ ಲೇತ್ ಮಶೀನಿನ ಮೇಲೆ ಹೊಸದಾಗಿ ಕಡೆದು ಕೊಡುವುದು, ಇದು ಅವರ ಕಸುಬು. ಕಿವಿ ಮಂದವಾದ ಮೇಲೆ ಮಹಾರಾಷ್ಟ್ರದ ಗಡಿಯೊಳಗೆ ಗಡಹಿಂಗ್ಲಜದ ಸಮೀಪವಿರುವ ನಮ್ಮ ಊರಿಗೆ, ತಂದೆಯ ಹೊಲಕ್ಕೆ ವಾಪಸು ಬಂದರು. ಸಂಸಾರದ ಸಾಮಾನು ಒಂದು ಟೆಂಪೋದಲ್ಲಿ ಬಂತು. ಲೇತ್ ಮಶೀನು ಬೇರೆ ಟ್ರಕ್ಕಿನಲ್ಲಿ ಬಂತು. ಮಿಸ್ತ್ರಿ ಟ್ರಕ್ಕಿನಲ್ಲಿ ಅದರ ಪಕ್ಕದಲ್ಲೇ ಕುಳಿತು, ಅದರ ಮೇಲೊಂದು ಕೈ ಇಟ್ಟುಕೊಂಡು ಬಂದರು. ಹೆಂಡತಿ ಟೆಂಪೋದಲ್ಲಿ ಬಂದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಹುಪರಿಯ ಕಡೆಯವರು, ತವರಿನಲ್ಲಿ ಬೆಳ್ಳಿ ಕೆಲಸ. "ನಮ್ಮಪ್ಪ ಬೆಳ್ಳಿ ಬಡದು ಗೆಜ್ಜಿ ಮಾಡತಿದ್ದ. ಆ ಸಪ್ಪಳಕ್ಕ ನಿದ್ದಿ ಬರತಿತ್ತು. ಇವರದು ಕಬ್ಬಿಣ, ಬಂದ ನಿದ್ದೀನೂ ಓಡತೈತಿ" ಎಂದು ಮೊದಲ ದಿನವೇ ನನಗೆ ಪರಿಚಯ ಹೇಳಿದರು.

ಮಿಸ್ತ್ರಿಗೆ ಒಂದು ಅಭ್ಯಾಸವಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಮಶೀನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಅದರ ಒಳಗಿನ ಮಾತು ಕೇಳುವುದು. ಮಗ್ಗದವರೆಲ್ಲ ಹೀಗೆ ಮಾಡುತ್ತಾರಂತೆ. ಆದರೆ ಮಿಸ್ತ್ರಿ ಕುಕ್ಕರಿಗೂ ಹಾಗೇ ಮಾಡುತ್ತಿದ್ದರು, ಗೋಡೆಯ ಗಡಿಯಾರಕ್ಕೂ ಮಾಡುತ್ತಿದ್ದರು. ಒಮ್ಮೆ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ನನ್ನ ಎದೆಗೂ ಇಟ್ಟು ಕೇಳಿದರು. "ಮಾಸ್ತರ, ಒಂದ ಹೊಡತ ತಪ್ಪತೈತಿ ನೋಡ್ರಿ" ಎಂದರು. ಸಾಲಿ ಮಾಸ್ತರಿಕೆಯಿಂದ ನಿವೃತ್ತನಾಗಿ ನೆಮ್ಮದಿಯಿಂದಿದ್ದ ನಾನು ಅಂದಿನಿಂದ ಎಡ ಮಗ್ಗುಲಿಗೆ ಮಲಗುವುದನ್ನು ಬಿಟ್ಟೆ.

ಕೊಳ್ಳುವುದೋ ಮಾಡುವುದೋ ಎಂಬ ಪ್ರಶ್ನೆ ಬಂದಾಗಲೆಲ್ಲ ಮಿಸ್ತ್ರಿಯ ಉತ್ತರ ಒಂದೇ. "ಕೊಂಡದ್ದು ಕೊಟ್ಟವನ ಮಾತ ಕೇಳತೈತಿ, ಮಾಡಿದ್ದು ನಮ್ಮ ಮಾತ ಕೇಳತೈತಿ." ಅಂಗಡಿಯಲ್ಲಿ ಸಿಗುವ ಬೀಗದ ಮೇಲೆ ಭರವಸೆ ಇಲ್ಲದೆ ಸ್ವತಃ ಒಂದು ಕೀಲಿ ಮಾಡಿ ಬಾಗಿಲಿಗೆ ಕೂಡಿಸಿದರು. ಅದು ಯಾರ ಮಾತನ್ನೂ ಕೇಳಲಿಲ್ಲ. ಒಳಗೆ ಸಿಕ್ಕಿಬಿದ್ದ ವೈನಿ ಕಿಟಕಿಯಿಂದ ಶಾಂತವಾಗಿ ನನಗೆ ಹೇಳಿದರು: "ಮಾಸ್ತರ್ರ, ಹೊರಗ ನಿಂತಾರಲ್ಲ, ಅವರಿಗೆ ಹೇಳ್ರಿ. ಅನ್ನ ಒಳಗ ಐತಿ, ನಾನೂ ಒಳಗ ಅದೇನಿ. ನನಗೇನೂ ಅವಸರಿಲ್ಲ." ಕೊನೆಗೆ ಮಿಸ್ತ್ರಿ ಮಾಳಿಗೆಯ ತಗಡಿನ ಪತ್ರಾಸು ತೆಗೆದು ತಮ್ಮ ಮನೆಗೆ ತಾವೇ ಕಳ್ಳನಂತೆ ಇಳಿದರು.

ಅದಕ್ಕಿಂತ ಹೆಚ್ಚಿನ ಮೋಹ ಅವರಿಗೆ ತಾನಾಗಿ ನಡೆಯುವ ಯಂತ್ರಗಳ ಮೇಲೆ. ಒಮ್ಮೆ ಕೈ ಹಚ್ಚಿದರೆ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳಬೇಕು. ಹಕ್ಕಿ ಓಡಿಸಲು ಪಂಪಿನ ನೀರಿನಿಂದ ನಡೆಯುವ ಒಂದು ಡಬ್ಬಿ ಮಾಡಿದ್ದರು. ನೀರು ತುಂಬಿದಾಗಲೆಲ್ಲ ಅದು ತಾನೇ ಬಗ್ಗಿ, ತಾನೇ ಢಣ್ ಎಂದು ಬಡಿದು, ತಾನೇ ಎದ್ದು ನಿಲ್ಲುತ್ತಿತ್ತು. ಹಕ್ಕಿಗಳಿಗೆ ಬೇಗನೆ ರೂಢಿಯಾಯಿತು. ನನಗೆ ಆಗಲಿಲ್ಲ.

ಇನ್ನು ಗವಾದ ವಿಷಯ.

ಗವಾ ಎಂದರೆ ಕಾಡುಕೋಣ. ನಮ್ಮ ಬಾಯಲ್ಲಿ ಮರಾಠಿಯ ಹೆಸರೇ ಕೂತಿದೆ. ಆಜರಾ ಕಡೆಯ ಗುಡ್ಡದಿಂದ ಇಳಿದು ಕಬ್ಬಿಗೆ ಬರುತ್ತದೆ. ಒಮ್ಮೆ ಕಬ್ಬಿನೊಳಗೆ ಹೊಕ್ಕಿತೆಂದರೆ ಅಷ್ಟು ದೊಡ್ಡ ಪ್ರಾಣಿ ಅಲ್ಲಿದೆ ಎಂದು ಹತ್ತು ಮಾರು ದೂರ ನಿಂತವನಿಗೂ ಗೊತ್ತಾಗುವುದಿಲ್ಲ. ಆ ವರ್ಷ ಪಕ್ಕದ ಊರಿನಲ್ಲಿ ಕಬ್ಬು ಕಡಿಯಲು ಹೋದವನೊಬ್ಬನನ್ನು ಹೊಟ್ಟೆಗೆ ತಿವಿದು ಎತ್ತಿ ಒಗೆದಿತ್ತು. ಗಡಹಿಂಗ್ಲಜದ ದವಾಖಾನೆಗೆ ಒಯ್ಯುವಾಗ ಹಾದಿಯಲ್ಲೇ ಅವನ ಜೀವ ಹೋಯಿತು. ಟ್ರ್ಯಾಕ್ಟರಿನಲ್ಲಿ ಅವನ ತಲೆ ಹಿಡಿದುಕೊಂಡು ಕುಳಿತಿದ್ದವನು ನಮ್ಮೂರಿನವನು. 

ಅದಾದ ಕೆಲವು ದಿನಕ್ಕೆ ಮಿಸ್ತ್ರಿ ಬೆಳಕು ಹರಿಯುವಾಗ ಪಂಪು ಚಾಲು ಮಾಡಲು ಹೋದರು. ಕಬ್ಬಿನ ಒಣ ಎಲೆಯ ರವದಿ ಸರಿಯಿತು. ಹೊರಗೆ ಬಂದದ್ದು ಮೊದಲು ಮೂಗು, ಆಮೇಲೆ ಕೋಡು, ಆಮೇಲೆ ಉಳಿದ ಅಷ್ಟೂ.

"ಕಾಲಿಗೆ ಬಿಳೇ ಸಾಕ್ಸ್ ಹಾಕ್ಕೊಂಡಿತ್ತ್ರಿ ಮಾಸ್ತರ" ಎಂದರು, ನನ್ನ ಕಟ್ಟೆಯ ಮೇಲೆ ಕುಳಿತು. "ಸಾಲಿಗೆ ಹೊಂಟ ಹುಡುಗರ ಹಂಗ. ಮ್ಯಾಲೆ ನೋಡಿದ್ರ ಮನಿಯಷ್ಟ ಮೈ. ಉಸರ ಬಿಟ್ಟಿದ್ದು ನನ್ನ ಅಂಗಿಗೆ ಬಡೀತು. ಅಂಗಿ ಹಸಿ ಆತು."

"ಏನ ಮಾಡಿತ್ರಿ ಅದು?"

"ಏನೂ ಮಾಡಲಿಲ್ಲ. ನೋಡಿತು, ಹೋತು. ಏನರ ಮಾಡಿದ್ರ ಚಲೋ ಇತ್ತು. ಈಗ ಏನ ಮಾಡತೈತಿ ಅಂತ ದಿನಾ ಕಾಯೂದಾಗೇತಿ."

ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಅಲ್ಲಿಯವರೆಗೆ ಕೂದಲೆಳೆಯಷ್ಟು ತಪ್ಪದ ಕೈ ಅದು. ಅಂದು ಹಿಡಿದ ನಡುಕ ಆಮೇಲೆ ಬಿಡಲಿಲ್ಲ.

ಅವರು ಆ ಹಾದಿಗೆ ಹೋಗುವುದನ್ನೇ ಬಿಟ್ಟರು. ಪಂಪು ಚಾಲು ಮಾಡಲು ಆಳು ಗೊತ್ತು ಮಾಡಿದರು. ಆದರೆ ವೈನಿ ಹೋಗಲೇಬೇಕಿತ್ತು. ಎಮ್ಮೆಯ ಕೊಟ್ಟಿಗೆ ಹೊಲದ ಆಚೆಯ ತುದಿಗಿತ್ತು, ನಡುವೆ ಎರಡೂ ಕಡೆ ಆಳೆತ್ತರದ ಕಬ್ಬು. ಮನೆಯ ಹಿಂದೆ ತಂದು ಕಟ್ಟಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. ತಂದು ಕಟ್ಟಿದ್ದರಂತೆ, ಬಂದ ಹೊಸತಿನಲ್ಲಿ. "ಲೇತಿನ ಗದ್ದಲಕ್ಕ ಎಮ್ಮಿ ಹಾಲ ಏರಿಸಿಬಿಡತೈತ್ರಿ, ಒಂದ ಹನೀನೂ ಬಿಡಂಗಿಲ್ಲ" ಎಂದರು ವೈನಿ. "ಒಂದಽ ಅದು ಇರಬೇಕು, ಇಲ್ಲಾ ಲೇತ ಇರಬೇಕು. ಲೇತ ಮೊದಲ ಬಂದಿತ್ತು." ಹೀಗಾಗಿ ದಿನಾ ಬೆಳಗು ಹರಿಯುವಾಗ ಅವರು ಹಾಲಿನ ಕ್ಯಾನು ಹಿಡಿದು ನನ್ನ ಹಿತ್ತಿಲ ಬದಿಯಿಂದ ಹಾದು ಕಬ್ಬಿನೊಳಗೆ ಮರೆಯಾಗುತ್ತಿದ್ದರು. ಅವರು ತಿರುಗಿ ಬರುವವರೆಗೆ ಮಿಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಒಬ್ಬ ಹೆಂಗಸು ಹಾಲು ಹಿಂಡಲು ಹೋಗುವುದಕ್ಕೆ ಇಬ್ಬರು ಗಂಡಸರು ಹೀಗೆ ಎರಡು ಕಡೆಯಿಂದ ಬಲವಾದ ಪಹರೆ ಕೊಡುತ್ತಿದ್ದೆವು.

ಬಂದೂಕಿನ ವಿಚಾರ ತಲೆಗೆ ಹೊಕ್ಕಿದ್ದು ಅವರ ಸೋದರಮಾವನ ಮಗನಿಂದ. ಅವನಿಗೆ ಬೆಳೆ ಕಾಯಲು ಪರವಾನಗಿ ಇದ್ದ ಒಂಟಿ ಗುಂಡಿನ ಬಂದೂಕಿತ್ತು. ಗವಾ ಬಂದಾಗ ಗಾಳಿಗೆ ಒಂದು ಗುಂಡು ಹಾರಿಸಿದ. ಗುಡ್ಡದ ಕಡೆ ಮುಖ ಮಾಡಿದ್ದ ಗವಾ ಸಪ್ಪಳ ಎಲ್ಲಿಂದ ಬಂತೆಂದು ನೋಡಲು ಇವನ ಕಡೆ ತಿರುಗಿತು. ಎರಡನೆಯ ಗುಂಡು ತುಂಬಲು ಹೋದ, ಬೆರಳು ಮಾತು ಕೇಳಲಿಲ್ಲ, ಗುಂಡು ಕೆಳಗೆ ಬಿತ್ತು. ಬಂದೂಕು ಬಿಟ್ಟು ಮಾವಿನ ಮರ ಹತ್ತಿದ. ಗವಾ ಬಂದೂಕಿನ ಮೇಲೆ ಕಾಲಿಟ್ಟು ಮುಂದೆ ಹೋಯಿತು.

ಮಿಸ್ತ್ರಿ ಆ ಬಗ್ಗಿದ ಬಂದೂಕನ್ನು ಹೋಗಿ ನೋಡಿಬಂದರು. "ಹೆದರಿದ ಮನಶಾಗ ಎರಡನೇ ಗುಂಡ ತುಂಬಾಕ ಬರಂಗಿಲ್ಲ ಮಾಸ್ತರ" ಎಂದರು. "ಅದು ತಾನಽ ತುಂಬಿಕೋಬೇಕು. ನಾ ಬೆರಳಿಂದ ಎಳಿಯೂದಷ್ಟಽ."

ಅಂಥದು ಸಿಗುತ್ತದೋ ನೋಡೋಣವೆಂದು ಕೊಲ್ಹಾಪುರಕ್ಕೆ ಹೋದೆವು. ನಾನು ಯಾಕೆ ಹೋದೆನೆಂದರೆ, ಅವರೊಬ್ಬರೇ ಹೋದರೆ ಏನಾದರೂ ಕೊಂಡುಬಿಟ್ಟಾರು ಎಂಬ ಹೆದರಿಕೆ. ಬಂದೂಕಿನ ಅಂಗಡಿಯ ಮಾಲೀಕರು ವಯಸ್ಸಾದವರು, ಸೌಮ್ಯ ಸ್ವಭಾವ. ಅವರ ಸುತ್ತಮುತ್ತ ಇದ್ದ ಸಾಮಾನಿಗೂ ಅವರ ಮುಖಕ್ಕೂ ಸಂಬಂಧವೇ ಇರಲಿಲ್ಲ, ಬಳೆ ಮಾರುವವರ ಹಾಗೆ ಕುಳಿತಿದ್ದರು. ಗುರಿ ಹೊಡೆಯುವ ಆಟದವರು ಬಳಸುವ, ತಾನೇ ತುಂಬಿಕೊಳ್ಳುವ ಸಣ್ಣ ರೈಫಲ್ಲೊಂದನ್ನು ಗಾಜಿನ ಹಿಂದಿನಿಂದ ತೆಗೆದು, ತಮ್ಮ ಕೈಯಲ್ಲೇ ಹಿಡಿದು ತೋರಿಸಿದರು. ಹೊಸದಾಗಿ ಕಲಿಯುವವರಿಗೆ ಇದೇ ಮೊದಲನೆಯ ಮೆಟ್ಟಿಲು ಎಂದರು.

"ನನಗ ಮೊದಲನೇದೂ ಇದಽ, ಕಡೀದೂ ಇದಽ" ಎಂದರು ಮಿಸ್ತ್ರಿ. "ಒಂದ ಸಲ ಹಿಂದ ಎಳದು ಬಿಡ್ರಿ. ಸಪ್ಪಳ ಕೇಳತೇನಿ."

ಮಾಲೀಕರು ಖಾಲಿ ರೈಫಲ್ಲಿನ ಹಿಡಿಕೆ ಎಳೆದು ಬಿಟ್ಟರು. ಮಿಸ್ತ್ರಿ ಕಣ್ಣು ಮುಚ್ಚಿಕೊಂಡರು. ಮಂದ ಕಿವಿಯವರ ಮುಖದ ಮೇಲೆ ಅಂಥ ಸಂತೋಷ ನಾನು ನೋಡಿರಲಿಲ್ಲ. 

ಯಾರಿಗೆ ಹೊಡೆಯಬೇಕು ಎಂದು ಮಾಲೀಕರು ಕೇಳಿದರು. ಮಿಸ್ತ್ರಿ ಹೇಳಿದರು. ಮಾಲೀಕರು ರೈಫಲ್ಲನ್ನು ಮಲಗಿದ ಕೂಸಿನಂತೆ ಗಾಜಿನ ಹಿಂದೆ ಇಟ್ಟು, "ಕಾಕಾ, ಹ್ಯಾನಂ ಗವ್ಯಾಲಾ ಫಕ್ತ ರಾಗ ಯೇಯೀಲ" ಎಂದರು. ಇದರಿಂದ ಗವಾಕ್ಕೆ ಸಿಟ್ಟು ಬರುತ್ತದೆ, ಬೇರೇನೂ ಆಗುವುದಿಲ್ಲ ಎಂದು. ದೊಡ್ಡ ಗುಂಡಿನದು, ಅದೂ ತಾನಾಗಿ ತುಂಬಿಕೊಳ್ಳುವುದು, ನಮ್ಮ ನಿಮ್ಮಂಥವರಿಗೆ ಸಿಗುವುದಿಲ್ಲವೆಂದರು. ಈ ಸಣ್ಣದಕ್ಕೂ ಪರವಾನಗಿ ಬೇಕು. ಗವಾಕ್ಕೆ ಹೊಡೆದರಂತೂ ಜೇಲು, ಅದು ಕಾಯ್ದೆಯ ರಕ್ಷಣೆ ಇರುವ ಪ್ರಾಣಿ. ಇಷ್ಟೆಲ್ಲ ಹೇಳಿ ನಮಗೆ ಚಹಾ ತರಿಸಿದರು.

ಆದರೂ ಕಲೆಕ್ಟರ ಕಚೇರಿಗೆ ಹೋಗಿ ಪರವಾನಗಿಗೆ ಅರ್ಜಿ ಹಾಕಿದೆವು. ಕಚೇರಿಯ ಕ್ಲಾರ್ಕ್ ನಮ್ಮ ಕಡೆಯವನೇ, ಕನ್ನಡ ಬಲ್ಲವನು.

"ನಿಮ್ಮ ಜೀವಕ್ಕ ಯಾರಿಂದ ಧೋಕಾ ಐತ್ರಿ?" ಎಂದು ಕೇಳಿದ.

"ಗವಾದಿಂದ" ಎಂದರು ಮಿಸ್ತ್ರಿ.

"ಪೂರ್ತಿ ಹೆಸರು, ಊರು ಹೇಳ್ರಿ. ಹಿಂದ ಏನರ ತಕರಾರ ಆಗಿತ್ತೇನು?"

"ಕಾಡಿನ ಗವಾ ರೀ. ತಕರಾರ ಏನಿಲ್ಲ. ಉಸರ ಬಿಟ್ಟಿತು."

ಕ್ಲಾರ್ಕ್ ಪೆನ್ನು ಕೆಳಗಿಟ್ಟ. "ಹಂಗಾದ್ರ ಮೊದಲ ಫಾರೆಸ್ಟಿನವರ ಕಡೆ ಹೋಗ್ರಿ. ಗವಾ ಅವರದು."

ಫಾರೆಸ್ಟಿನವರು ಇನ್ನೂ ಸ್ಪಷ್ಟವಾಗಿ ಹೇಳಿದರು. "ಗವಾ ನಮ್ಮದು ಖರೆ. ಬಂದೂಕ ನಮ್ಮ ಕಡೆ ಇಲ್ಲ. ಹೊಡದ್ರ ನಿಮ್ಮನ್ನ ಒಯ್ಯಾಕ ಬರೂದು ಮಾತ್ರ ನಮ್ಮ ಕೆಲಸ."

ತಿರುಗಿ ಬರುವಾಗ ಕಾಗಲ್ ದಾಟುವವರೆಗೆ ಮಿಸ್ತ್ರಿ ಬಸ್ಸಿನ ಕಿಟಕಿಯ ಸರಳಿಗೆ ಕಿವಿ ಹಚ್ಚಿ ಕುಳಿತಿದ್ದರು. ಆಮೇಲೆ, ಉಪ್ಪಿನಕಾಯಿ ಹಾಕುವ ವಿಷಯ ಹೇಳಿದಷ್ಟು ಸಾದಾ ದನಿಯಲ್ಲಿ ಹೇಳಿದರು: "ಮಾಸ್ತರ, ನಾ ಮಾಡತೇನಿ."

"ಏನ್ರಿ?"

"ಅದನ್ನಽ. ಸಪ್ಪಳ ಕೇಳೇನಲ್ಲ. ಮಗ್ಗದ ಜಾತೀದಽ ಅದು. ಹೋಗೂ ಹೊಡತದಾಗಽ ಬರೂ ಹೊಡತ ಐತಿ."

ನಾನು ಮಾಸ್ತರಿಕೆಯ ಸಂಪೂರ್ಣ ಗಾಂಭೀರ್ಯವನ್ನು ಕೂಡಿಸಿಕೊಂಡು, ಅಕ್ಕಪಕ್ಕದವರಿಗೆ ಕೇಳದ ಹಾಗೆ, ಪಿಸುಗುಟ್ಟಿ ಗರ್ಜಿಸಿದೆ. "ಗುನ್ಹೆ ಅದು. ಪರವಾನಗಿ ಇಲ್ಲದ ಬಂದೂಕ ಮಾಡಿದ್ರ ಜೇಲು."

"ಗೊತ್ತೈತಿ."

"ಕೈಯಾಗಽ ಒಡದ್ರ?"

"ಅದೂ ಗೊತ್ತೈತಿ."

"ಮತ್ತ?"

"ದಿನಾ ಮುಂಜಾನೆ ಅಕಿ ಒಳಗ ಹೋಗತಾಳ. ತಿರಗಿ ಬರೂ ತನಕ ನಾ ಏನ ಮಾಡ್ಲಿ, ಹೇಳ್ರಿ."

ನಾನು ಟಿಕೀಟನ್ನು ಮಡಿಚಿ ಮಡಿಚಿ ಸಣ್ಣದು ಮಾಡಿದೆ. 

ಮರುದಿನದಿಂದ ಲೇತ್ ಶುರುವಾಯಿತು. ಅದರ ಸಪ್ಪಳ ನನಗೆ ಹಳೆಯದು, ಆದರೆ ಈಗ ಅದರೊಳಗಿನ ಅರ್ಥ ನನಗೊಬ್ಬನಿಗೆ ಗೊತ್ತು. ಯಾರಾದರೂ ಬಂದರೆ ಅದು ತಟ್ಟನೆ ನಿಲ್ಲುತ್ತಿತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳಿದವರಿಗೆಲ್ಲ ಮಿಸ್ತ್ರಿ ಹೇಳುತ್ತಿದ್ದುದು ಒಂದೇ: "ಪಂಪಿನ ಬುಷ್." ಪಂಪಿನ ಅಚ್ಚಿಗೆ ಕೂಡಿಸುವ ಸಣ್ಣ ಬಳೆ. ನನ್ನ ಹೆದರಿಕೆಗೆ ಎರಡು ಮುಖ. ಬಂದೂಕು ಸರಿಯಾಗಿ ಆಗದಿದ್ದರೆ ಅದು ಮಿಸ್ತ್ರಿಯ ಮುಖದ ಮುಂದೆಯೇ ಒಡೆಯುತ್ತದೆ. ಸರಿಯಾಗಿ ಆಗಿಬಿಟ್ಟರೆ, ಆ ನಡುಗುವ ಕೈಯಲ್ಲಿ, ತಾನಾಗಿಯೇ ತುಂಬಿಕೊಳ್ಳುತ್ತ ಹೋಗುವ ಬಂದೂಕು, ಮುಂದುಗಡೆ ಕಬ್ಬಿನೊಳಗೆ ಗವಾ ಮತ್ತು ವೈನಿ. ಹಕ್ಕಿ ಓಡಿಸುವ ಡಬ್ಬಿಯನ್ನು ನಿಲ್ಲಿಸಲು ಅವರಿಗೆ ಎಷ್ಟು ತ್ರಾಸಾಗಿತ್ತೆಂಬುದು ನೆನಪಾಗಿ ಬೆವರುತ್ತಿದ್ದೆ.

ವೈನಿಯೂ ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಬಂದರು. "ಒಂದ ಪಂಪಿಗೆ ಇಷ್ಟ ಬುಷ್ ಬೇಕೇನ್ರಿ ಮಾಸ್ತರ್ರ?"

"ಅವರನ್ನಽ ಕೇಳ್ರಿ ವೈನಿ. ಬಿಡದಂಗ ಕೇಳ್ರಿ" ಎಂದೆ.

"ಕೇಳಿದ್ರ ಲೇತಿನ ಖೋಲಿ ಬಾಗಲಾ ಹಾಕ್ಕೋತಾರ. ಗವಾ ನಂಗ ಅಷ್ಟ ಹೆದರಿಕಿ ಇಲ್ರಿ. ಈ ಬಾಗಲದ್ದಽ ಹೆದರಿಕಿ."

ಖಂಡೇನವಮಿ ಬಂತು.

ನಮ್ಮ ಕಡೆ ಅಂದು ಮನೆಯ ಹತಾರಗಳಿಗೆಲ್ಲ ಪೂಜೆ. ಕುಡಗೋಲು, ಗುದ್ದಲಿ, ಸುತ್ತಿಗೆ, ಬೋಲ್ಟು ತಿರುಗಿಸುವ ಪಾನೆ, ಈಳಿಗೆ, ಎಲ್ಲವನ್ನೂ ತೊಳೆದು, ಕಂಬಳಿ ಹಾಸಿ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಚೆಂಡು ಹೂವು ಏರಿಸುವುದು. ಮರುದಿನ ದಸರಾದ ಮುಂಜಾನೆ ಮೈತೊಳೆದುಕೊಂಡು ಪೂಜೆ ಎಬ್ಬಿಸುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಮಿಸ್ತ್ರಿ ಈ ವಿಷಯದಲ್ಲಿ ಮಠದ ಸ್ವಾಮಿಗಳಿಗಿಂತ ಬಿಗಿ. ಪೂಜೆಯಿಂದ ಹೊರಗುಳಿದ ಹತಾರ ಮುನಿಯುತ್ತದೆ ಎಂಬುದು ಅವರ ನಂಬಿಕೆ. ಇಚಲಕರಂಜಿಯಲ್ಲಿ ಒಂದು ವರ್ಷ ಮಗ್ಗದ ಬುಡದಲ್ಲಿ ಒಂದು ಪಾನೆ ಮರೆತು ಉಳಿದಿತ್ತಂತೆ. ದೀಪಾವಳಿಯೊಳಗೆ ಅದು ಅವರ ಹೆಬ್ಬೆರಳ ಮೇಲೆ ಬಿತ್ತು. ಆ ಕಪ್ಪಾದ ಉಗುರನ್ನು ಸಾಕ್ಷಿಯಾಗಿ ಎಲ್ಲರಿಗೂ ತೋರಿಸುತ್ತಿದ್ದರು. ಅವರ ಊರುಗೋಲಿಗೂ ತುದಿಗೆ ಕಬ್ಬಿಣದ ಬಳೆ ಇದ್ದುದರಿಂದ ಅಂದು ಅದಕ್ಕೂ ಕಂಬಳಿಯ ಮೇಲೆಯೇ ಜಾಗ.

ಸಂಜೆ ಪೂಜೆಗೆ ಹೋದೆ. ಪ್ರತಿವರ್ಷದಂತೆ ಪೊಲೀಸ ಪಾಟೀಲರೂ ಬಂದರು. ಪೊಲೀಸ ಪಾಟೀಲ ಎಂದರೆ ಊರಿನಲ್ಲಿ ಸರಕಾರದ ಕಣ್ಣು. ನಮ್ಮ ಪಾಟೀಲರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ದುರ್ದೈವದಿಂದ ಅದು ಯಶಸ್ವಿಯಾಗಿತ್ತು.

ಕಂಬಳಿಯ ಮೇಲೆ ಗುದ್ದಲಿಗೂ ಈಳಿಗೆಗೂ ನಡುವೆ ಅದು ಮಲಗಿತ್ತು. ಇನ್ನೂ ಹಿಡಿಕೆ ಇಲ್ಲ, ಆದರೆ ಅದು ಏನೆಂದು ಕೇಳಬೇಕಾದ ಅಗತ್ಯವೂ ಇರಲಿಲ್ಲ. ಕೊಳವೆಯ ಮೈಮೇಲೆ ಮೂರೆಳೆ ವಿಭೂತಿ, ಬಾಯಿಗೆ ಒಂದು ಚೆಂಡು ಹೂವು. ನನ್ನ ಎದೆ ಒಂದು ಹೊಡೆತವಲ್ಲ, ಸಾಲಾಗಿ ಹೊಡೆತ ತಪ್ಪಿತು.

"ತಲಿ ಕೆಟ್ಟೈತೇನ್ರಿ ಮಿಸ್ತ್ರಿ?" ಎಂದು ಅವರ ಕಿವಿಯಲ್ಲಿ ಉಸಿರಿದೆ.

"ಅದನ್ನೊಂದ ಬಿಟ್ಟ ಪೂಜಿ ಹ್ಯಾಂಗ ಮಾಡ್ಲಿ ಮಾಸ್ತರ? ಒಂದ ಪಾನಾ ಮುನಿದದ್ದಕ್ಕ ಉಗುರ ಹೋತು. ಇದು ಮುನಿದ್ರ?"

ಅಷ್ಟರಲ್ಲಿ ಪಾಟೀಲರು ಕಂಬಳಿಯ ಮುಂದೆ ಕುಳಿತು, ಕೈಮುಗಿದು, ಒಂದೊಂದೇ ಹತಾರವನ್ನು ನೋಡುತ್ತ ಬಂದರು. ಗುದ್ದಲಿಯ ಮುಂದಿನ ಜಾಗಕ್ಕೆ ಬಂದು ನಿಂತರು. ತೆಂಗಿನಕಾಯಿಯ ನೀರು ತಾಟಿನೊಳಗೆ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಇದು ಹೋದ ವರ್ಸ ಇರಲಿಲ್ಲ" ಎಂದರು.

ಊರಿಗೆಲ್ಲ ಪಂಪಿನ ಬುಷ್ ಎಂದು ಹೇಳಿದ ಮಿಸ್ತ್ರಿ ಹತಾರಗಳ ಮುಂದೆ ಸುಳ್ಳು ಹೇಳಲಾರದೆ ಹೋದರು. "ಅದು ಇನ್ನಾ ಆಗಿಲ್ಲ ರೀ."

"ಆದಮ್ಯಾಲೆ ಏನ ಆಗತೈತಿ?"

ವೈನಿ ಆರತಿ ಹಿಡಿದು ನಿಂತಿದ್ದರು. ಅವರು ಅದನ್ನು ನೋಡಿದ್ದು ಆಗಲೇ. ಕೊಳವೆ ನೋಡಿದರು, ಗಂಡನ ನಡುಗುವ ಕೈ ನೋಡಿದರು, ಕಬ್ಬಿನ ಕಡೆ ನೋಡಿದರು. ಮಿಸ್ತ್ರಿಯ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಈ ವಯಸ್ಸಿನಲ್ಲಿ, ಎರಡೂ ಕೈ ಕಟ್ಟಿ ಜೀಪಿನಲ್ಲಿ ಕೂಡಿಸಿದರೆ ಈ ಮನುಷ್ಯ ಗಡಹಿಂಗ್ಲಜ ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನ್ನಿಸಿತು.

ಪಾಟೀಲರು ವೈನಿಯ ಕೈಯಿಂದ ಆರತಿ ತೆಗೆದುಕೊಂಡರು. ಗುದ್ದಲಿಗೆ ಬೆಳಗಿದರು, ಅದಕ್ಕೂ ಬೆಳಗಿದರು, ಈಳಿಗೆಗೆ ಬೆಳಗಿದರು. ತಾಟು ಕೆಳಗಿಟ್ಟು ನಿಧಾನವಾಗಿ ಹೇಳಿದರು: "ಪೂಜಿಗೆ ಇಟ್ಟ ಹತಾರ ಎಬ್ಬಸೂ ತನಕ ಯಾರೂ ಮುಟ್ಟಂಗಿಲ್ಲ. ನಾನೂ ಮುಟ್ಟಂಗಿಲ್ಲ. ನಾಳೆ ಸಂಜಿಕೆ ಬನ್ನಿ ಕೊಡಾಕ ಬರತೇನಿ. ಬಂದಾಗ ಇಲ್ಲೆ ಏನ ಇರತೈತೋ, ನಾ ಕಂಡದ್ದು ಅದಽ." ಆಮೇಲೆ ಪ್ರಸಾದ ತೆಗೆದುಕೊಂಡು, ಚುರುಮುರಿಯಲ್ಲಿ ಉಪ್ಪು ಕಡಿಮೆ ಎಂದು ಹೇಳಿ ಹೋದರು.

ನಾನು ಕೂಡಲೇ ಅದನ್ನು ಬಾವಿಗೆ ಒಗೆಯೋಣ ಎಂದೆ. ಮಿಸ್ತ್ರಿ ನಾನು ಎಮ್ಮೆಯನ್ನು ಬಾವಿಗೆ ಒಗೆಯೋಣ ಅಂದೆನೇನೋ ಎಂಬಂತೆ ನೋಡಿದರು. "ಪೂಜಿ ಎಬ್ಬಸೂಕಿಂತ ಮೊದಲಽ? ಜೇಲಿಗೆ ಹೋದವ ತಿರಗಿ ಬರಬಹುದು ಮಾಸ್ತರ."

ಆಗ ವೈನಿ ಬಾಯಿ ತೆರೆದರು. ದನಿ ಏರಿಸಲಿಲ್ಲ. "ನೀವ ಸಾಕ್ಷಿ ಮಾಸ್ತರ್ರ. ಆ ಗವಾ ಬಂದಾಗಿಂದ ನಾ ಇವರಿಗೆ ಕೇಳಿದ್ದು ಒಂದಽ. ಮುಂಜಾನೆ ಎಮ್ಮಿ ಕಡೆ ಹೋಗೂ ಮುಂದ ನನ್ನ ಜೋಡಿ ಬರ್ರಿ ಅಂತ. ಇವರಿಗೆ ಆ ಹಾದಿ ತುಳಿಯಾಕ ಆಗವಲ್ತು. ಅದಕ್ಕ ಕುಂತ ತೋಪ ಮಾಡ್ಯಾರ."

ಮಿಸ್ತ್ರಿ ಕಂಬಳಿಯ ಅಂಚು ಸರಿಪಡಿಸುತ್ತ ಕುಳಿತರು. "ಕಾಲ ಏಳವಲ್ವು" ಎಂದರು.

"ನನ್ನವೂ ಏಳೂದಿಲ್ಲ" ಎಂದರು ವೈನಿ. "ಎಬ್ಬಸತೇನಿ."

ದಸರಾದ ಬೆಳಗು ಮಂಜು ಬಿದ್ದಿತ್ತು. ನಾನು ಎಂದಿನಂತೆ ಕಿಟಕಿಯ ಹಿಂದೆ ನನ್ನ ಪಹರೆಗೆ ನಿಂತೆ. ವೈನಿ ಕ್ಯಾನು ಹಿಡಿದು ಬಂದರು. ಅವರ ಹಿಂದೆ ಮಿಸ್ತ್ರಿ. ಪೂಜೆ ಇನ್ನೂ ಎಬ್ಬಿಸಿರಲಿಲ್ಲ, ಹಾಗಾಗಿ ಕುಡಗೋಲಿಲ್ಲ, ಸುತ್ತಿಗೆ ಇಲ್ಲ, ಊರುಗೋಲು ಸಹಿತ ಇಲ್ಲ. ಬರಿಗೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿದರು, ಒಮ್ಮೆ ಮುಂದೆ ಕಟ್ಟಿದರು. ಕೊನೆಗೆ ವೈನಿಯ ಕೈಯಿಂದ ಕ್ಯಾನು ಇಸಿದುಕೊಂಡರು. ಕೈ ನಡುಗಿ ಅದರ ಮುಚ್ಚಳ ಟಿಣಟಿಣ ಅನ್ನತೊಡಗಿತು.

ಹಾದಿ ತಿರುಗುವಲ್ಲಿ ಅದು ನಿಂತಿತ್ತು. ಮಂಜಿನಲ್ಲಿ ನನಗೆ ಮೊದಲು ಕಂಡದ್ದು ನಾಲ್ಕು ಬಿಳಿ ಸಾಕ್ಸು, ಅವುಗಳ ಮೇಲೆ ಏನೂ ಇಲ್ಲದ ಹಾಗೆ. ಆಮೇಲೆ ಮೇಲಿನ ಕಪ್ಪು ತುಂಬಿತು. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರಿಬ್ಬರೂ ಅದರಿಂದ ಒಂದು ಎತ್ತಿನ ಗಾಡಿಯಷ್ಟು ದೂರದಲ್ಲಿದ್ದರು. ವೈನಿ ನಿಂತರು. ಮಿಸ್ತ್ರಿ ಓಡುತ್ತಾರೆ ಎಂದುಕೊಂಡೆ. ಅವರು ವೈನಿಯ ಮುಂದೆ ಬಂದರು, ಪೂರ್ತಿ ಅಲ್ಲ, ಅರ್ಧ ಹೆಜ್ಜೆ. ಅಷ್ಟೇ ಅವರಿಂದ ಆದದ್ದು. ಮುಚ್ಚಳ ಟಿಣಟಿಣ ಅನ್ನುತ್ತಲೇ ಇತ್ತು. ಗವಾದ ಕಿವಿ ಆ ಸಪ್ಪಳದ ಕಡೆ ತಿರುಗಿತು. ತಲೆ ತಗ್ಗಿಸಿತು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಹಾದಿ ಖಾಲಿ ಇತ್ತು. ಕಬ್ಬಿನ ತುದಿಯ ಸೂಲಂಗಿ ಹೂಗಳು ಸಾಲಾಗಿ ಅಲುಗುತ್ತ ಗುಡ್ಡದ ಕಡೆ ಹೋದವು. ಇಬ್ಬರೂ ಹಾಗೇ ನಿಂತಿದ್ದರು, ಮುಚ್ಚಳವೂ ಹಾಗೇ ಟಿಣಟಿಣ ಅನ್ನುತ್ತಿತ್ತು. ಆಮೇಲೆ ವೈನಿ ಏನೋ ಹೇಳಿದರು. ಎಮ್ಮೆಯ ಕಡೆ ನಡೆದರು.

ತಿರುಗಿ ಬರುವಾಗ ನಾನು ಧೈರ್ಯ ಮಾಡಿ ಹಿತ್ತಿಲ ತನಕ ಹೋಗಿ ಎದುರುಗೊಂಡೆ. "ಹೆದರಿಕಿ ಹೋತೇನ್ರಿ ಮಿಸ್ತ್ರಿ?"

"ಇಲ್ಲ" ಎಂದರು. "ಅದ್ಯಾಕ ಹೋಗತೈತಿ?" ಕ್ಯಾನಿನಲ್ಲಿ ಹಾಲು ಅರ್ಧಕ್ಕರ್ಧ ಚೆಲ್ಲಿತ್ತು.

ಮೈತೊಳೆದುಕೊಂಡು ಪೂಜೆ ಎಬ್ಬಿಸಿದರು. ಅಂದು ಲೇತಿನ ಕೋಣೆಯ ಬಾಗಿಲು ತೆರೆದೇ ಇತ್ತು. ಸಂಜೆ ಪಾಟೀಲರು ಬನ್ನಿ ಎಲೆ ಹಿಡಿದು ಬಂದಾಗ ಕಂಬಳಿಯ ಮೇಲೆ ಕೊಳವೆ ಇದ್ದ ಜಾಗದಲ್ಲಿ ಕಬ್ಬಿಣದ ಸಣ್ಣ ಸಣ್ಣ ತುಂಡುಗಳು ಮಿರಮಿರ ಮಿಂಚುತ್ತ ಸಾಲಾಗಿ ಕುಳಿತಿದ್ದವು.

"ಏನ್ರಿ ಇವು?"

"ಪಂಪಿನ ಬುಷ್ ರೀ" ಎಂದರು ಮಿಸ್ತ್ರಿ. ಈ ಸಲ ಅದು ನಿಜವಾಗಿತ್ತು.

"ಬುಷ್ ಮಾಡಾಕ ಇಷ್ಟ ದಿನಾ?"

"ಭಾಳ ನಾಜೂಕ ಕೆಲಸ ರೀ."

"ಕಂಡೆ" ಎಂದರು ಪಾಟೀಲರು. ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಹೇಳಿ, ನನಗೂ ಒಂದು ಎಲೆ ಕೊಟ್ಟು ಹೋದರು.

ಮುಂದೆ ಪ್ರತಿ ಬೆಳಗು ಮಿಸ್ತ್ರಿ ವೈನಿಯ ಜೊತೆಗೆ ಹೋದರು. ನಡುಕ ನಿಲ್ಲಲಿಲ್ಲ. ಆ ಮುಚ್ಚಳದ ಟಿಣಟಿಣಕ್ಕೆ ನಮ್ಮ ಓಣಿಯವರಿಗೆ ಏಳುವ ರೂಢಿಯಾಯಿತು. ಮುಚ್ಚಳಕ್ಕೆ ಒಂದು ರಬ್ಬರಿನ ಬಳೆ ಹಾಕಿದರೆ ಸಪ್ಪಳ ನಿಲ್ಲುತ್ತದೆ, ನೀವು ಮಿಸ್ತ್ರಿ ಅಲ್ಲವೇ, ಎಂದು ನಾನು ಒಮ್ಮೆ ಹೇಳಿದೆ. "ಇರಲಿ ಬಿಡ್ರಿ. ನಾವ ಬರಾಕತ್ತೇವಿ ಅಂತ ಅದಕ್ಕೂ ತಿಳಿಲಿ" ಎಂದರು.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಲೇತಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಲ್ಲೇ ಅವರ ಎದೆ ನಿಂತಿತು. ತಪ್ಪುತ್ತಿದ್ದ ಹೊಡೆತ ನನ್ನದೋ, ನನ್ನ ಎದೆಗೆ ಹಚ್ಚಿದ ಸ್ಕ್ರೂಡ್ರೈವರಿನಲ್ಲಿ ಅವರಿಗೆ ಕೇಳಿಸಿದ್ದು ಅವರದೋ, ಇನ್ನು ಯಾರನ್ನು ಕೇಳುವುದು.

ಪರವಾನಗಿಯ ಅರ್ಜಿ ನಾಮಂಜೂರಾಗಿ ಬಂತು. ಗವಾ ಈಗಲೂ ಕಬ್ಬಿಗೆ ಬರುತ್ತದೆ. ಲೇತ್ ನಿಂತ ಮೇಲೆ ವೈನಿ ಎಮ್ಮೆಯನ್ನು ಮನೆಯ ಹಿಂದೆ ತಂದು ಕಟ್ಟಿದರು. ಅದು ಹಾಲು ಕೊಡುತ್ತಿದೆ.